ಬರೋಬ್ಬರಿ: ಲೆಕ್ಕದ ಮಾತು ಬೆರಗಿನ ಮಾತಾದ ಬಗೆ

ವಿಜಯಪುರದಿಂದ ಹುಬ್ಬಳ್ಳಿಯ ದಾರಿ ಹಿಡಿದವರಿಗೆ ಕೃಷ್ಣೆಯ ದಂಡೆಯ ಕೊಲ್ಹಾರ ನೆನಪಾಗುವುದು ಮೊಸರಿನಿಂದ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಆ ಗಟ್ಟಿ ಮೊಸರನ್ನು ಕೊಂಡವರು ರೊಕ್ಕ ಎಣಿಸಿ ಕೊಟ್ಟಾಗ ಮಾರುವಾಕೆ ‘ಬರೋಬ್ಬರಿ ಆತ್ರೀ’ ಎಂದರೆ ರೊಕ್ಕ ಬಹಳವಾಯಿತೆಂದಲ್ಲ, ಲೆಕ್ಕ ಸರಿಹೋಯಿತು ಎಂದರ್ಥ. ಆದರೆ ಪತ್ರಿಕೆಯಲ್ಲಿ ‘ಬರೋಬ್ಬರಿ ನೂರು ಕೋಟಿ’ ಎಂಬ ತಲೆಬರಹ ಕಂಡರೆ ಅಲ್ಲಿ ಅದೇ ಮಾತು ‘ಅಬ್ಬಾ, ಅಷ್ಟೊಂದು!’ ಎನ್ನುತ್ತದೆ. ಒಂದೇ ಪದಕ್ಕೆ ಈ ಎರಡು ಮುಖ ಬಂದದ್ದು ಹೇಗೆ?

ಪದದ ಬೇರು ಪಾರಸಿಯಲ್ಲಿದೆ. ಆ ಭಾಷೆಯಲ್ಲಿ ‘ಬರ್’ ಎಂದರೆ ಎದೆ. ‘ಬರಾಬರ್’ ಎಂದರೆ ಎದೆಗೆ ಎದೆ, ಅಂದರೆ ಸರಿಸಮ. ಹಿಂದಿಯಲ್ಲಿ ಅದು ‘ಬರಾಬರ್’ ಆಗಿಯೇ ಉಳಿಯಿತು; ಮರಾಠಿಯಲ್ಲಿ ‘ಬರೋಬರ್’ ಆಯಿತು. ಕನ್ನಡದ ಪದದಲ್ಲಿರುವ ‘ರೋ’ ಅಕ್ಷರವೇ ಅದು ಮರಾಠಿಯ ಬಾಗಿಲಿನಿಂದ ಬಂದದ್ದಕ್ಕೆ ಗುರುತು.

ಈ ಸೀಮೆಯ ಚರಿತ್ರೆ ಆ ಬಾಗಿಲನ್ನು ಅಗಲವಾಗಿಯೇ ತೆರೆದಿಟ್ಟಿತ್ತು. 1490ರಿಂದ 1686ರವರೆಗೆ ಬಿಜಾಪುರ ಆದಿಲ್‌ಶಾಹಿಗಳ ರಾಜಧಾನಿ. ದರ್ಬಾರಿನ ಭಾಷೆ ಪಾರಸಿ. ಒಂದನೆಯ ಇಬ್ರಾಹಿಂ ಆದಿಲ್‌ಶಹ (1534–58) ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1760ರಲ್ಲಿ ಈ ನಾಡು ಪೇಶ್ವೆಗಳ ಕೈಸೇರಿತು. 1818ರ ಅನಂತರ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಭಾಗವಾಗಿ, 1956ರವರೆಗೂ ಅದಕ್ಕೇ ಅಂಟಿಕೊಂಡಿತ್ತು. ದಫ್ತರದ ಮಾತು ಪೇಟೆಗೂ ಹೊಲಕ್ಕೂ ಇಳಿಯಲು ಇಷ್ಟು ಕಾಲ ಧಾರಾಳವಾಗಿ ಸಾಕು.

ಇಳಿದ ಪದ ಕನ್ನಡದ ಗಾಳಿಗೆ ಚೆನ್ನಾಗಿ ಚಿಗುರಿತು. ‘ನೀ ಹೇಳೂದು ಬರೋಬ್ಬರಿ ಐತಿ’ ಎಂದರೆ ಒಪ್ಪಿಗೆ. ‘ಮೈಯಾಗ ಬರೋಬ್ಬರಿ ಇಲ್ಲ’ ಎಂದರೆ ಅನಾರೋಗ್ಯ. ‘ಅಂವಗ ಬರೋಬ್ಬರಿ ಮಾಡ್ತೀನಿ ತಡಿ’ ಎಂದರೆ ಬುದ್ಧಿ ಕಲಿಸುವ ಬೆದರಿಕೆ. ಮೂರರಲ್ಲೂ ಒಳಗಿನ ತಿರುಳು ಒಂದೇ: ಸರಿ ಇರುವುದು ಅಥವಾ ಸರಿಪಡಿಸುವುದು.

ಅರ್ಥ ಜಾರಿದ್ದು ಅಂಕಿಯ ಬಳಿ. ‘ಬರೋಬ್ಬರಿ ನೂರು ಚೀಲ ಜೋಳ’ ಎಂದರೆ ಇಲ್ಲಿಯ ರೈತನಿಗೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದು. ಈ ಬಳಕೆಯನ್ನು ಹೊರಗಿನಿಂದ ಕೇಳಿದವರಿಗೆ ‘ಸರಿಯಾಗಿ’ ಎಂಬುದಕ್ಕಿಂತ ‘ನೂರು’ ಎಂಬ ದೊಡ್ಡ ಅಂಕಿಯೇ ಎದ್ದು ಕಂಡಿರಬೇಕು. ಪಕ್ಕದಲ್ಲಿದ್ದ ಬೆರಗು ಪದಕ್ಕೇ ಅಂಟಿಕೊಂಡಿತು. ‘ಭಾರಿ’, ‘ಭರ್ಜರಿ’ ಎಂಬ ಪದಗಳ ಸದ್ದೂ ಅದಕ್ಕೆ ನೆರವಾಗಿರಬಹುದು. ತಲೆಬರಹಗಳೂ ದೂರದರ್ಶನ ವಾಹಿನಿಗಳೂ ಹೊಸ ಅರ್ಥವನ್ನು ನಾಡಿಗೆಲ್ಲ ಹಂಚಿದವು.

ಪದಗಳ ಅರ್ಥ ಬದಲಾಗುವುದು ಸಹಜ, ಅದು ತಪ್ಪಲ್ಲ. ಆದರೆ ಕೊಲ್ಹಾರದಂಥ ಊರಿನಲ್ಲಿ ಈ ವ್ಯತ್ಯಾಸ ಬರೀ ನಿಘಂಟಿನ ವಿಷಯವಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರ ಸೀಮೆ ಇದು. ಇಲ್ಲಿ ಒಬ್ಬ ರೈತ ‘ಪರಿಹಾರ ಬರೋಬ್ಬರಿ ಬಂದಿಲ್ರೀ’ ಎಂದರೆ ನ್ಯಾಯವಾಗಿ ಬರಬೇಕಾದದ್ದು ಬಂದಿಲ್ಲ ಎಂಬ ಅಹವಾಲು. ತಲೆಬರಹದ ಅರ್ಥವನ್ನಷ್ಟೇ ಬಲ್ಲ ಕಿವಿಗೆ ಅದು ‘ರಾಶಿಗಟ್ಟಲೆ ಬಂದಿಲ್ಲ’ ಎಂಬ ಆಸೆಯಂತೆ ಕೇಳಿಸೀತು. ಹಕ್ಕಿನ ಮಾತು ದುರಾಸೆಯ ಮಾತಾಗಲು ಇಷ್ಟೇ ಸಾಕು.

ಇಂಥ ಪದಗಳನ್ನು ‘ಗಾವಿಲ ಭಾಷೆ’, ‘ಮರಾಠಿ ಬೆರಕೆ’ ಎಂದು ಮೂಗು ಮುರಿಯುವವರಿದ್ದಾರೆ. ಹಾಗೆ ನೋಡಿದರೆ ರೈತ, ಜಮೀನು, ವಕೀಲ, ಕಾಗದ ಎಲ್ಲವೂ ಅರಬ್ಬಿ–ಪಾರಸಿಯ ದಾರಿಯಿಂದಲೇ ಬಂದವು. ಅವುಗಳಿಲ್ಲದೆ ಬೆಂಗಳೂರಿನ ಕಚೇರಿಯೂ ನಡೆಯದು. ಆಡುಮಾತಿನ ಬೆಲೆಯನ್ನು ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಬಹು ಹಿಂದೆಯೇ ಅರಿತಿದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾದಾಗ ಹಳ್ಳಿಯ ನುಡಿ ಪುಸ್ತಕದ ಗೌರವ ಪಡೆಯಿತು.

ಬೆರಗಿಗೆ ಕನ್ನಡದಲ್ಲಿ ಬೇಕಾದಷ್ಟು ಪದಗಳಿವೆ. ಎದೆಗೆ ಎದೆ ಕೊಟ್ಟು ನಿಂತ ಸಮಾನತೆಯನ್ನು ಹೇಳುವ ಈ ಪದಕ್ಕೆ ಅದರ ಹಳೆಯ ಅರ್ಥವೂ ಉಳಿದರೆ ಲೆಕ್ಕ ಬರೋಬ್ಬರಿ ಆದೀತು.