ನನ್ನ ಮುಂಗೈ ಮೇಲಿನ ಮೈಲಿ ಗುರುತು

ಹೋದ ಗುರುವಾರ ಸೊಸೆಗೆ ಐದನೇ ತಿಂಗಳ ಸೂಜಿ ಹಾಕ್ಸೋಕೆ ಕರ್ಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕೂತಿದ್ದಾಗ ಅವಳು ನನ್ನ ಕೈ ಹಿಡಿದು, "ಅತ್ತೆ, ಇದೇನು ಇಲ್ಲಿ ಎರಡು ಗುಂಡು ಗುಂಡು ಗುರುತು? ಸುಟ್ಕೊಂಡಿದ್ರಾ?" ಅಂದ್ಲು. ನಂಗೆ ನಗು ಬಂತು. ಈಗಿನ ಹುಡುಗೀರಿಗೆ ಮೈಲಿ ಗುರುತು ಅಂದ್ರೆ ಏನು ಅಂತ ಗೊತ್ತೇ ಇಲ್ಲ. ಗೊತ್ತಿಲ್ಲದಿರೋದೂ ಒಳ್ಳೇದೇ, ಆ ಕಾಯಿಲೆ ಹೋಯ್ತು ಅಂತ ತಾನೇ ಅರ್ಥ.

ಅವಳಿಗೆ ಅವತ್ತು ಹೇಳಿದ್ದನ್ನೇ ನಿಮಗೂ ಬರೀತಿದೀನಿ. ಇನ್ನೊಂದು ಕಾರಣಾನೂ ಐತೆ, ಅದನ್ನ ಆಮೇಲೆ ಹೇಳ್ತೀನಿ.

ನಮ್ಮವ್ವ ಸಿಡುಬು ಅಂತಿರಲಿಲ್ಲ, "ಅಮ್ಮ ಬಂದಾಳೆ" ಅಂತಿದ್ಲು. ಅಮ್ಮ ಬಂದ ಮನೇಲಿ ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಹಾಕಂಗಿಲ್ಲ, ಹೊರಗಿನೋರು ಒಳಗೆ ಬರಂಗಿಲ್ಲ. ಉಳಿದೋರಿಗೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗ್ತಿತ್ತು. ಊರಿಗೆ ಮೈಲಿ ಹಾಕೋರು ಬಂದ್ರೆ ಮಕ್ಕಳನ್ನ ಅಟ್ಟದ ಮೇಲೆ ಬಚ್ಚಿಡ್ತಿದ್ರಂತೆ. ನಾನು ಸಿಕ್ಕಿಬಿದ್ದೋಳು, ಅದಕ್ಕೇ ಈ ಗುರುತು.

ಈ ಹೆದರಿಕೆ ನಮ್ಮೂರಿಂದೇ ಅಂದ್ಕೋಬೇಡ್ರಿ. ಇಂಗ್ಲೆಂಡಲ್ಲಿ ಜೆನ್ನರ್ ಅನ್ನೋ ಡಾಕ್ಟ್ರು 1796ರಲ್ಲಿ ಹಸುವಿನ ಕೆಚ್ಚಲ ಸಿಡುಬಿನ ಕೀವು ತಗೊಂಡು ಮನುಷ್ಯರಿಗೆ ಹಾಕಿದ್ರೆ ದೊಡ್ಡ ಸಿಡುಬು ಬರಲ್ಲ ಅಂತ ತೋರಿಸಿದ. ನಮ್ಮ ದೇಶದಲ್ಲಿ ಮೊದಲು ಅದನ್ನ ಹಾಕಿದ್ದು 1802ರ ಜೂನ್ 14ಕ್ಕೆ, ಬೊಂಬಾಯಲ್ಲಿ ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗುವಿಗೆ. ಆಗ ಬಾಟ್ಲಿ, ಫ್ರಿಡ್ಜು ಎಲ್ಲಿತ್ತು? ಒಂದು ಮಗುವಿನ ತೋಳಲ್ಲಿ ಎದ್ದ ಗುಳ್ಳೆಯಿಂದ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕೋದು. ಯಾರ ಮಗುವಿನದೋ, ಯಾವ ಜಾತಿಯದೋ, ಅದೂ ದನದ ಕೀವು ಅಂತ ಜನ ಹಿಂದೆ ಸರಿದ್ರು. ಹೆಂಗೆ ಸರೀದೆ ಇರ್ತಾರೆ?

ಆಗ ಮೈಸೂರು ಅರಮನೆ ಹೆಣ್ಮಕ್ಕಳು ಮುಂದೆ ಬಂದ್ರು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ, ಪೂರ್ಣಯ್ಯ ದಿವಾನರು. 1805ರ ಹೊತ್ತಿಗೆ ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ ಮೂರು ಹೆಣ್ಮಕ್ಕಳ ಒಂದು ಚಿತ್ರ ಬರೆದ. ಬಹಳ ವರ್ಷ ಅದನ್ನ ಯಾರೋ ನರ್ತಕಿಯರ ಚಿತ್ರ ಅಂದ್ಕೊಂಡಿದ್ರು. ಆಮೇಲೆ ನೈಜೆಲ್ ಚಾನ್ಸೆಲರ್ ಅನ್ನೋ ಇತಿಹಾಸಕಾರರು, ಇವರು ಮೈಸೂರು ರಾಣಿಯರು, ನಡುವೆ ಇರೋರು ರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ ಅಂತ ಗುರುತಿಸಿದ್ರು. ಆ ಚಿತ್ರದಲ್ಲಿ ಬಲಗಡೆ ಇರೋ ಕಿರಿಯ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ ತೋಳು ತೋರಿಸ್ತಿದಾಳೆ, ಲಸಿಕೆ ಹಾಕಿದ ಜಾಗ ಅದು. ಎಡಗಡೆ ಇರೋಳಿಗೆ ಬಾಯಿ ಸುತ್ತ ಬಣ್ಣ ಮಾಸೈತೆ, ಅದು ಹಳೇ ಕಾಲದಲ್ಲಿ ಸಿಡುಬಿನ ಪುಡೀನೇ ಮೂಗಿಗೆ ಊದ್ತಿದ್ದ ಪದ್ಧತಿಯ ಗುರುತು ಅಂತಾರೆ. ಹಳೇದೂ ಹೊಸದೂ ಒಂದೇ ಚಿತ್ರದಲ್ಲಿ! ಪರಪುರುಷರ ಎದುರು ಬಾರದ ಹೆಣ್ಮಕ್ಕಳು ತೋಳು ತೋರಿಸಿದ್ದು ಜನ ನೋಡ್ಲಿ, ಹೆದರಿಕೆ ಬಿಡ್ಲಿ ಅಂತ. ಸೊಸೆ ಎದುರು ನಾನು ಸೆರಗು ಸರಿಸಿ ಕೈ ತೋರಿಸಿದಾಗ ಆ ರಾಣಿ ನೆನಪಾದ್ಲು ನೋಡ್ರಿ.

ಅಲ್ಲಿಂದ 170 ವರ್ಷ ಬೇಕಾಯ್ತು. ನಮ್ಮ ದೇಶದಲ್ಲಿ ಕೊನೇ ಸಿಡುಬು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಪ್ರಪಂಚದಿಂದ ಹೋಯ್ತು ಅಂತ ಸಾರಿದ್ರು. ಆಮೇಲೆ ಹುಟ್ಟಿದ ಯಾವ ಮಗೂಗೂ ಈ ಗುರುತಿಲ್ಲ.

ಈಗ ಬಸುರಿ ಸೂಜಿ ವಿಷಯ. ನಮ್ಮತ್ತೆ ಒಂಬತ್ತು ಹೆತ್ತೋರು, ಐದು ಉಳಿದ್ವು. ಒಂದು ಮಗು ಹುಟ್ಟಿ ಎಂಟು ದಿನಕ್ಕೆ ಬಾಯಿ ಬಿಗಿದು ಹಾಲು ಕುಡೀದಂಗಾಯ್ತಂತೆ, ಮುಟ್ಟಿದ್ರೆ ಮೈ ಬಿಲ್ಲಿನಂಗೆ ಬಗ್ತಿತ್ತಂತೆ. ಬಾಲಗ್ರಹ ಅಂತ ತಾಯ್ತ ಕಟ್ಟಿಸಿದ್ರು, ಮೂರನೇ ದಿನ ಹೋಯ್ತು. "ಆ ಕೂಸಿನ ಬಾಯಿ ನೆನಪಾದ್ರೆ ಇವತ್ತೂ ಎದೆ ಹಾಲು ಬಂದಂಗಾಗುತ್ತೆ" ಅಂತಿದ್ರು ಎಂಬತ್ತು ವರ್ಷದ ಮುದುಕಿ. ಅದು ಧನುರ್ವಾಯು. ಕುಡುಗೋಲಲ್ಲಿ ಹೊಕ್ಕುಳಬಳ್ಳಿ ಕೊಯ್ದು ಬೂದಿ ಮೆತ್ತಿದ್ರೆ ಮಣ್ಣಿನ ವಿಷ ಒಳಗೆ ಹೋಗ್ತಿತ್ತು. ತಾಯಿಗೆ ಬಸುರಿನಲ್ಲೇ ಸೂಜಿ ಹಾಕಿದ್ರೆ ಅವಳ ರಕ್ತದಲ್ಲಿ ಹುಟ್ಟೋ ಶಕ್ತಿ ಕೂಸಿಗೂ ಹೋಗುತ್ತೆ. ಹುಟ್ಟೋಕ್ಕಿಂತ ಮುಂಚೇನೇ ಕೂಸಿಗೆ ಸಿಗೋ ಮೊದಲ ರಕ್ಷೆ ಇದು. ಸೂಜಿಯಿಂದ, ಆಸ್ಪತ್ರೆ ಹೆರಿಗೆಯಿಂದ, 2015ಕ್ಕೆ ನಮ್ಮ ದೇಶದಲ್ಲಿ ಬಾಣಂತಿ-ಕೂಸಿನ ಧನುರ್ವಾಯು ತೊಲಗಿತು ಅಂತ ಘೋಷಣೆ ಆಯ್ತು. ಮೊದಲು ಟಿ.ಟಿ. ಅಂತಿದ್ವಿ, ಈಗ ಗಂಟಲಮಾರಿದೂ ಸೇರಿಸಿ ಟಿ.ಡಿ. ಅಂತಾರೆ. ಗೊತ್ತಾದ ಕೂಡ್ಲೆ ಒಂದು, ನಾಲ್ಕು ವಾರಕ್ಕೆ ಇನ್ನೊಂದು. ಮೂರು ವರ್ಷದೊಳಗೆ ಮತ್ತೆ ಬಸುರಾದ್ರೆ ಒಂದೇ ಸಾಕು. ನಮ್ಮ ಸೊಸೆ ತವರಲ್ಲಿದ್ಲು, ತಡ ಆಗಿತ್ತು. ತಡ ಆದ್ರೂ ಹಾಕ್ತಾರೆ.

ಇನ್ನು ಆ ಇನ್ನೊಂದು ಕಾರಣ. ಸೂಜಿ ಹಾಕ್ಸಿ ಬಂದ ಸಾಯಂಕಾಲ ಪಕ್ಕದ ಮನೆ ಅಕ್ಕ ಬಂದು, "ಮಂಗನ ಕಾಯಿಲೆ ಸೂಜಿ ಹಾಕ್ಸ್ಕೊಂಡೋರಿಗೂ ಬರ್ಲಿಲ್ವಾ? ಸರ್ಕಾರದೋರೇ ಅದನ್ನ ನಿಲ್ಸಿದ್ರು. ಮತ್ತೆ ಈ ಸೂಜಿ ಯಾಕೆ ನಂಬ್ತೀಯೇ?" ಅಂದ್ರು. ನಂಗೆ ತಟ್ಟನೆ ಉತ್ತರ ಬರ್ಲಿಲ್ಲ. ಯಾಕಂದ್ರೆ ನನ್ನ ತವರು ಸೊರಬದ ಕಾಡಂಚು.

ಮಂಗನ ಕಾಯಿಲೆಗೆ ಪ್ರಪಂಚದ ಪುಸ್ತಕದಲ್ಲೆಲ್ಲ ನಮ್ಮ ಸೊರಬ ತಾಲ್ಲೂಕಿನ ಕಾಡಿನದೇ ಹೆಸರು, ಕ್ಯಾಸನೂರು. 1957ರಲ್ಲಿ ಅಲ್ಲಿ ಮುಸುವ, ಮಂಗ ಸಾಲಾಗಿ ಸತ್ತು ಬಿದ್ವು, ಹಿಂದೇನೇ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದೋರು ಬಂದು, ಇದು ಹೊಸ ವೈರಸ್, ಉಣ್ಣೆ ಕಚ್ಚಿ ಬರುತ್ತೆ ಅಂತ ಕಂಡುಹಿಡಿದ್ರು. ಮನುಷ್ಯರಿಂದ ಮನುಷ್ಯರಿಗೆ ಹತ್ತಲ್ಲ. ಆದ್ರೆ ಇದಕ್ಕೇ ಅಂತ ಮದ್ದಿಲ್ಲ, ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಹೋಗ್ತಾರೆ. ಸುಗ್ಗಿ ಮುಗಿದು ಸೌದೆಗೆ, ತರಗು ಗುಡಿಸೋಕೆ ಕಾಡಿಗೆ ಹೋಗೋ ಕಾಲದಲ್ಲೇ ಉಣ್ಣೆ ಮರಿ ಜಾಸ್ತಿ.

ಮೊದಲು ರಷ್ಯಾದ ಇಂಥದೇ ಜ್ವರದ ಲಸಿಕೆ ತಂದು ನೋಡಿದ್ರಂತೆ, ಅದು ಹತ್ತಲಿಲ್ಲ. ಆಮೇಲೆ ನಮ್ಮಲ್ಲೇ ಕೋಳಿಮೊಟ್ಟೆ ಮರಿಯ ಜೀವಕಣದಲ್ಲಿ ವೈರಸ್ ಬೆಳೆಸಿ, ಕೊಂದು, ಲಸಿಕೆ ಮಾಡಿದ್ರು. 1990ರಿಂದ ಊರೂರಿಗೆ ಬಂತು. ಏಳು ವರ್ಷದಿಂದ ಅರವತ್ತೈದರವರೆಗೆ ಹಾಕ್ತಿದ್ರು. ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಬೂಸ್ಟರ್, ಮತ್ತೆ ಐದು ವರ್ಷ ವರ್ಷಕ್ಕೊಂದು. ಲೆಕ್ಕ ಹಾಕ್ರಿ, ಎಷ್ಟು ಸೂಜಿ! ಮೇಲಾಗಿ ವಿಪರೀತ ನೋವು.

ನಮ್ಮಣ್ಣ ಒಂದು ಹಾಕ್ಸ್ಕೊಂಡ. ಎರಡು ದಿನ ಕೊಡಲಿ ಎತ್ತೋಕಾಗ್ಲಿಲ್ಲ. ಎರಡನೇದಕ್ಕೆ ಕರೆಯೋಕೆ ಬಂದಾಗ ನಾನು ತವರಲ್ಲೇ ಇದ್ದೆ. "ಬಿಡಣ್ಣ, ಕೆಲ್ಸದ ದಿನ, ಕೈನೋವು ಯಾಕೆ" ಅಂದೋಳು ನಾನೇ. ಮುಂದಿನ ವರ್ಷ ಅವನಿಗೆ ಬಂತು. ಹನ್ನೆರಡು ದಿನ ಜ್ವರ, ಇಳೀತು ಅಂದ್ಕೊಂಡ್ರೆ ಮತ್ತೆ ಏರ್ತು. ಒಸಡಲ್ಲಿ ರಕ್ತ. ಉಳಿದ, ಆದ್ರೆ ಆ ವರ್ಷ ಗದ್ದೆ ಬೀಳು ಬಿತ್ತು. ಎರಡನೇ ಸೂಜಿ ಹಾಕ್ಸಿದ್ರೆ ಬರ್ತಿರಲಿಲ್ಲ ಅಂತ ಹೇಳೋಕಾಗಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದೋರು, ಎರಡು ಹಾಕ್ಸಿದ್ರೆ ನೂರಕ್ಕೆ 62ರಷ್ಟು, ಬೂಸ್ಟರೂ ಸೇರಿದ್ರೆ 83ರಷ್ಟು ರಕ್ಷಣೆ ಅಂತ ಬರೆದಿದಾರೆ. ಅಂದ್ರೆ ಪೂರ್ತಿ ಅಲ್ಲ. ಆದ್ರೆ ಆ 62ನ್ನ ಅಣ್ಣನ ಕೈಯಿಂದ ತಪ್ಪಿಸಿದೋಳು ನಾನು. ಅವನು ಒಂದು ದಿನಾನೂ ಅದನ್ನ ಎತ್ತಿ ಆಡಿಲ್ಲ. ಅದೇ ನಂಗೆ ಕಷ್ಟ.

ಆಮೇಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಜನ ಸತ್ರು. ಲಸಿಕೆಯ ಶಕ್ತಿ ಕಮ್ಮಿ ಅಂತ ಕಂಡು 2022ರಲ್ಲಿ ನಿಲ್ಸಿದ್ರು. ಹೊಸದರ ಕೆಲಸ ನಡೆದೈತೆ. ಅಲ್ಲೀವರೆಗೆ ಮೈಗೆ ಎಣ್ಣೆ ಹಚ್ಕೊಂಡು ಕಾಡಿಗೆ ಹೋಗೋದು, ಬಂದ ಕೂಡ್ಲೆ ಬಿಸಿನೀರಲ್ಲಿ ಸ್ನಾನ, ಸತ್ತ ಮಂಗ ಕಂಡ್ರೆ ಮುಟ್ಟದೆ ಸುದ್ದಿ ಮುಟ್ಟಿಸೋದು, ಇಷ್ಟೇ.

ಅಕ್ಕನಿಗೆ ಮಾರನೇ ದಿನ ಹೋಗಿ ಹೇಳಿದೆ: "ಅಕ್ಕಾ, ಒಂದು ಹಸು ಹಾಲು ಕೊಡ್ಲಿಲ್ಲ ಅಂತ ಕೊಟ್ಟಿಗೆ ಹಸು ಎಲ್ಲಾನೂ ಮಾರ್ತೀವಾ? ಸಾಲದು ಅಂತ ಪರೀಕ್ಷೇಲಿ ಕಂಡಿದ್ದಕ್ಕೇ ಅದನ್ನ ನಿಲ್ಸಿದ್ರು. ಟಿ.ಡಿ.ನೂ ಹಂಗೇ ನೋಡ್ತಾನೇ ಅದಾರೆ, ನಿಲ್ಸಿಲ್ಲ. ಪೋಲಿಯೊ ನೋಡಿ, 1995ರಿಂದ ಹನಿ ಹಾಕಿದ್ರು, 2011ರ ಜನವರಿ ಆದ್ಮೇಲೆ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿಂದ ಒಂದು ಮಗೂಗೂ ಬಂದಿಲ್ಲ." ಅಕ್ಕ ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ, ಕಾಫಿ ಕೊಟ್ರು.

ಇನ್ನು ಕೂಸು ಬಂದ್ಮೇಲಿನ ಲೆಕ್ಕ. ಹುಟ್ಟಿದ ಕೂಡ್ಲೆ ಬಿ.ಸಿ.ಜಿ., ಪೋಲಿಯೊ ಹನಿ, ಕಾಮಾಲೆಯದು, ಕಾಮಾಲೆಯದು ಒಂದು ದಿನದೊಳಗೆ ಆಗ್ಬೇಕು. ಆರು, ಹತ್ತು, ಹದಿನಾಲ್ಕು ವಾರಕ್ಕೆ ನಾಯಿಕೆಮ್ಮು, ಗಂಟಲಮಾರಿ, ಭೇದಿ ಇವೆಲ್ಲದರದು. ಒಂಬತ್ತು ತಿಂಗಳು ತುಂಬಿದ್ಮೇಲೆ ದಡಾರ-ರುಬೆಲ್ಲಾ, ಒಂದೂವರೆ ವರ್ಷದ ಹತ್ರ ಇನ್ನೊಂದು. ಐದು-ಆರಕ್ಕೆ ಬೂಸ್ಟರ್. ಹತ್ತಕ್ಕೆ, ಹದಿನಾರಕ್ಕೆ ಟಿ.ಡಿ. ಹೆಣ್ಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕರೊಳಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋದೂ ಐತೆ, ವಿಚಾರ್ಸಿ.

ಸೂಜಿ ಮಕ್ಕಳಿಗೆ ಮಾತ್ರ ಅಂದ್ಕೊಂಡಿದ್ದೆ. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ, ಡಾಕ್ಟ್ರು ವರ್ಷಕ್ಕೊಂದು ಫ್ಲೂದು, ಆಮೇಲೆ ನ್ಯುಮೋನಿಯಾದು ಬರೆದುಕೊಟ್ರು. ಐವತ್ತು ದಾಟಿದೋರಿಗೆ ಸರ್ಪಸುತ್ತಿಗೂ ಲಸಿಕೆ ಬಂದೈತೆ, ದುಬಾರಿ. ಧನುರ್ವಾಯುದು ಹತ್ತು ವರ್ಷಕ್ಕೊಮ್ಮೆ ದೊಡ್ಡೋರಿಗೂ ಬೇಕಂತೆ. ಗೊಬ್ಬರದ ಗುಂಡೀಲಿ ಬರಿಗಾಲಲ್ಲಿ ನಿಲ್ಲೋರು ನಾವಲ್ವಾ?

ಒಂದೇ ಮಾತು. ತಾಯಿ ಕಾರ್ಡನ್ನ ಮಗು ದೊಡ್ಡದಾದ್ಮೇಲೆ ಒಲೆಗೆ ಹಾಕ್ಬೇಡ್ರಿ, ರೇಷನ್ ಕಾರ್ಡಿನ ಜೊತೆ ಇಡ್ರಿ. ನಮ್ಮ ಸೊಸೆಗೆ ಎರಡನೇದು ನಾಲ್ಕು ವಾರಕ್ಕೆ, ಗುರುವಾರಾನೇ ಬರುತ್ತೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿದೀನಿ. ಕೈನೋವು ಅಂದ್ಲು. "ನೋಯ್ಲಿ ಬಿಡವ್ವ, ಪಾತ್ರೆ ನಾನು ತೊಳೀತೀನಿ" ಅಂದೆ. ಅಣ್ಣನಿಗೆ ಹೇಳ್ಬೇಕಾಗಿದ್ದ ಮಾತು ಅದು.