ಐದನೆಯ ಅಲೆ

ಡೊಂಬಿವಲಿಗೆ ಬಂದು ಸುಮಾರು ನಲವತ್ತು ವರ್ಷವಾದ ಮೇಲೆ, 2018ರಲ್ಲಿ, ನಾನು ಕಿವಿಯ ಪರೀಕ್ಷೆಯ ಇತಿಹಾಸ ಓದಲು ಕೂತೆ. ಮೊಮ್ಮಗ ಕಲ್ಯಾಣದಲ್ಲಿ ಏಳು ತಿಂಗಳಿಗೇ ಹುಟ್ಟಿದ್ದ. ಹತ್ತನೇ ದಿನ ಹೊಟ್ಟೆ ಉಬ್ಬಿತು, ಮಲದಲ್ಲಿ ರಕ್ತ. ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಅಂದರು. ಕರುಳಿನ ಗೋಡೆ ಉರಿಯೂತದಿಂದ ಸಾಯತೊಡಗುವ ಕಾಯಿಲೆ. ಹಾಲು ನಿಲ್ಲಿಸಿ, ಸಲೈನ್, ಆಂಟಿಬಯೋಟಿಕ್ ಕೊಟ್ಟು ಉಳಿಸಿದರು.

ಮನೆಗೆ ಬರುವಾಗ ಕಿವಿಯ ಪರೀಕ್ಷೆ 'ಪಾಸ್' ಅಂತ ಚೀಟಿ ಇತ್ತು. ಪೇಡೆ ಹಂಚಿದೆವು. ಆಮೇಲೆ ಠಾಣೆಯ ಆಡಿಯಾಲಜಿಸ್ಟ್ ಒಬ್ಬರು ಅದನ್ನು ನೋಡಿ, "ಕಾಕಾ, ಇದು ಕಿವಿಯೊಳಗಿನ ಶಂಖದ ಪರೀಕ್ಷೆ ಮಾತ್ರ. ಅಲ್ಲಿಂದ ಮಿದುಳಿನವರೆಗಿನ ದಾರಿ ನೋಡಿಲ್ಲ, ಬೇರಾ ಮಾಡಿಸಿ" ಅಂದರು. ಹೊಟ್ಟೆಗೂ ಆ ದಾರಿಗೂ ಏನು ಸಂಬಂಧ ಅಂತ ನನಗೆ ಸಿಟ್ಟೇ ಬಂತು.

ಈ ಬೇರಾದ ಕಥೆ ಸ್ವಾರಸ್ಯವಾಗಿದೆ. ಕಿವಿಯಲ್ಲಿ ಸಾವಿರಾರು ಸಲ 'ಟಿಕ್' ಎನಿಸಿ, ತಲೆಗೆ ಅಂಟಿಸಿದ ತಂತಿಗಳಲ್ಲಿ ಬರುವ ವಿದ್ಯುತ್ತಿನ ಸರಾಸರಿ ತೆಗೆದರೆ 10 ಮಿಲಿಸೆಕೆಂಡಿನೊಳಗೆ ಪುಟ್ಟ ಅಲೆಗಳ ಸಾಲು ಕಾಣುತ್ತದೆ. 1971ರಲ್ಲಿ ಅಮೆರಿಕದ ಜ್ಯೂವೆಟ್ ಮತ್ತು ವಿಲ್ಲಿಸ್ಟನ್ ಅವಕ್ಕೆ ರೋಮನ್ ಅಂಕಿಗಳನ್ನು ಕೊಟ್ಟರು. ಮೊದಲನೆಯದು ಶ್ರವಣ ನರದ್ದು, ಐದನೆಯದು ಮಿದುಳುಕಾಂಡದ ಮೇಲ್ಭಾಗದ್ದು. ಠಾಣೆಯಿಂದ ವೇಳೆಗೆ ಸರಿಯಾಗಿ ಹೊರಟ ಲೋಕಲ್ ಕಲ್ಯಾಣಕ್ಕೆ ತಡವಾಗಿ ಬಂದರೆ ತೊಂದರೆ ಠಾಣೆಯದ್ದಲ್ಲ, ನಡುವೆ ದಿವಾ ಹತ್ತಿರವೆಲ್ಲೋ ಅಂತ ನಮಗೆ ಗೊತ್ತಲ್ಲ, ಹಾಗೆ. 1974ರಲ್ಲಿ ಹೆಕಾಕ್ಸ್ ಮತ್ತು ಗ್ಯಾಲಂಬೋಸ್ ಇದನ್ನು ಕೂಸುಗಳಲ್ಲಿ ಮಾಡಿ ತೋರಿಸಿದರು.

ನನ್ನ ಸಿಟ್ಟಿಗೆ ಉತ್ತರ ಶಾಂಘೈಯಿಂದ ಸಿಕ್ಕಿತು. 2014ರಲ್ಲಿ ಜಿಯಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾಯಿಲೆಯಾದ ಅವಧಿಪೂರ್ವ ಶಿಶುಗಳಿಗೆ ಮೂರರಿಂದ ಐದನೆಯ ಅಲೆಯ ನಡುವಿನ ವೇಳೆ ಹೆಚ್ಚಾಗಿತ್ತು. ಕರುಳಿನ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಸೇರಿ ಇನ್ನೂ ಬಲಿಯದ ಮಿದುಳನ್ನು ತಟ್ಟಬಲ್ಲವು. ತೀವ್ರ ನಿಗಾ ಘಟಕದಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಶಂಖದ ಪರೀಕ್ಷೆ ಸಾಲದು, ಮಿದುಳುಕಾಂಡದ್ದೇ ಆಗಬೇಕು ಅಂತ ಅಮೆರಿಕದ ತಜ್ಞರ ಸಮಿತಿ 2007ರಲ್ಲೇ ಹೇಳಿತ್ತು.

ಇನ್ನೊಂದು ಚುಚ್ಚಿತು. ಸೊಸೆಗೆ ಹಾಲು ಬಂದಿರಲಿಲ್ಲ, ಮಗುವಿಗೆ ಪುಡಿಹಾಲು. ಬರೀ ಪುಡಿಹಾಲಿನ ಅವಧಿಪೂರ್ವ ಶಿಶುಗಳಲ್ಲಿ ಈ ಕಾಯಿಲೆ ಎದೆಹಾಲಿನವಕ್ಕಿಂತ 6ರಿಂದ 10 ಪಟ್ಟು ಹೆಚ್ಚು ಅಂತ ಬ್ರಿಟನ್ನಿನ ಲ್ಯೂಕಸ್ ಮತ್ತು ಕೋಲ್ 1990ರಲ್ಲಿ ಬರೆದಿದ್ದರು. ಅದಕ್ಕೂ ಒಂದು ವರ್ಷ ಮೊದಲೇ, 1989ರಲ್ಲಿ, ನಮ್ಮದೇ ಸೆಂಟ್ರಲ್ ಲೈನಿನ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದಿದ್ದರು. ದಿನಾ ಅದರ ಮುಂದೆಯೇ ಓಡಾಡಿದವನು ನಾನು!

ಬೇರಾಕ್ಕೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋದೆವು, 1983ರದ್ದು. (ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರದ್ದು ಅಂತ ಸೊಸೆಗೆ ಹೇಳದೆ ಇರಲಾಗಲಿಲ್ಲ.) ಮಗು ಅಲ್ಲಿ ನಿದ್ದೆ ಮಾಡಬೇಕು, ಹಾಗಾಗಿ ದಾದರ್‌ವರೆಗೆ ಅಂಗಾಲು ಕಚಗುಳಿಯಿಟ್ಟು ಎಚ್ಚರವಾಗಿಟ್ಟೆವು. ಐದನೆಯ ಅಲೆ ಬಂತು, ಸ್ವಲ್ಪ ತಡವಾಗಿ. ಮೂರು ತಿಂಗಳ ಮೇಲೆ ಮತ್ತೆ ಕರೆದರು. ಆಗ ಸರಿಯಿತ್ತು.

ಈಗ ಶಾಲೆಗೆ ಹೋಗುತ್ತಾನೆ. ಲೋಕಲ್‌ನಲ್ಲಿ ಧ್ವನಿವರ್ಧಕಕ್ಕಿಂತ ಮೊದಲೇ "ಪುಢೀಲ್ ಸ್ಟೇಷನ್ ಡೊಂಬಿವಲಿ" ಅಂತ ಕೂಗಿ ಎಲ್ಲರನ್ನೂ ಎಬ್ಬಿಸುತ್ತಾನೆ.