ಮೂಲ ಕ್ರೈಸ್ತ ಧರ್ಮಕ್ಕೆ ವಾರಸುದಾರರು ಯಾರು?

‘ನಾವೇ ಅಸಲಿ’ ಅನ್ನೋ ಜಗಳ ಯಾವ ಧರ್ಮದಲ್ಲಿಲ್ಲ ಹೇಳಿ? ಕ್ರೈಸ್ತರಲ್ಲಿ ರೋಮಿನ ಕ್ಯಾಥೊಲಿಕರು ಪೇತ್ರನ ಹೆಸರು ಹೇಳುತ್ತಾರೆ. ಈಜಿಪ್ಟಿನ ಕಾಪ್ಟಿಕ್ ಚರ್ಚಿನವರಿಗೆ ಮಾರ್ಕ. ಕೇರಳದ ಸಿರಿಯನ್ ಕ್ರೈಸ್ತರಿಗೆ ತೋಮ, ಅವನು ಕ್ರಿ.ಶ. 52ರಲ್ಲಿ ಬಂದ ಅನ್ನೋದು ಅವರ ನಂಬಿಕೆ. ಗ್ರೀಕ್ ಆರ್ಥೊಡಾಕ್ಸ್‌ನವರು ‘ನಾವು ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ’ ಅಂತಾರೆ. ಪ್ರೊಟೆಸ್ಟೆಂಟರು ಇವರೆಲ್ಲರನ್ನೂ ಬಿಟ್ಟು ಸೀದಾ ಬೈಬಲ್ಲಿಗೇ ಹೋಗಿ ಅಂತಾರೆ.

ಈ ಗಲಾಟೆಯಲ್ಲಿ ಒಂದು ಚರ್ಚಿನ ಹೆಸರು ಅಷ್ಟಾಗಿ ಕೇಳಿಸೋದೇ ಇಲ್ಲ. ಅದು ಎಲ್ಲಕ್ಕಿಂತ ಮೊದಲಿನದು, ಜೆರುಸಲೇಮಿನದು!

ಅದರ ಮುಖಂಡ ಯಾಕೋಬ. ಏಸುವಿನ ಸಹೋದರ ಅಂತ ಪೌಲನೇ ತನ್ನ ಪತ್ರದಲ್ಲಿ ಬರೆದಿದ್ದಾನೆ. ಈ ಸಭೆಯವರು ಯೆಹೂದಿಗಳು. ದೇವಾಲಯಕ್ಕೆ ಹೋಗುತ್ತಿದ್ದರು, ಸುನ್ನತಿ ಮಾಡಿಸುತ್ತಿದ್ದರು, ಮೋಶೆಯ ನಿಯಮ ಪಾಲಿಸುತ್ತಿದ್ದರು. ಹೊಸ ಧರ್ಮವೊಂದನ್ನು ಶುರು ಮಾಡಿದ್ದೀವಿ ಅನ್ನೋ ಯೋಚನೆಯೇ ಅವರಿಗಿರಲಿಲ್ಲ. ‘ಕ್ರೈಸ್ತರು’ ಅನ್ನೋ ಹೆಸರು ಮೊದಲು ಬಂದದ್ದೇ ಸಿರಿಯಾದ ಅಂತಿಯೋಕ್ಯದಲ್ಲಿ ಅಂತ ಬೈಬಲ್ಲೇ ಹೇಳುತ್ತೆ.

ತೊಂದರೆ ಶುರುವಾದದ್ದೂ ಅಲ್ಲೇ. ಅಂತಿಯೋಕ್ಯದ ಸಭೆಗೆ ಯೆಹೂದಿಗಳಲ್ಲದವರೂ ಸೇರತೊಡಗಿದರು. ಅವರಿಗೂ ಸುನ್ನತಿ ಕಡ್ಡಾಯವೇ? ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಹಿರಿಯರು ಕೂತು ‘ಬೇಡ’ ಅಂತ ತೀರ್ಮಾನಿಸಿದರು. ಆದರೆ ಜಗಳ ಬಗೆಹರಿಯಿತಾ? ಅದೇ ಸುಮಾರಿಗೆ ಅಂತಿಯೋಕ್ಯದಲ್ಲಿ ಯೆಹೂದ್ಯೇತರರ ಜತೆ ಊಟ ಮಾಡುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಕೂಡಲೇ ಪಂಕ್ತಿ ಬಿಟ್ಟು ದೂರ ಸರಿದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಏಸುವನ್ನು ಶಿಲುಬೆಗೇರಿಸಿ ಇನ್ನೂ ಇಪ್ಪತ್ತು ವರ್ಷದ ಆಸುಪಾಸು, ಅಷ್ಟರಲ್ಲೇ ಎರಡು ಪಂಗಡ ನೋಡಿ!

ಮುಂದಿನದನ್ನು ಇತಿಹಾಸವೇ ತೀರ್ಮಾನಿಸಿತು. 62ರಲ್ಲಿ ಮಹಾಯಾಜಕನೊಬ್ಬ ಯಾಕೋಬನನ್ನು ಕಲ್ಲು ಹೊಡೆಸಿ ಕೊಲ್ಲಿಸಿದ. 70ರಲ್ಲಿ ರೋಮನ್ನರು ದೇವಾಲಯವನ್ನು ನೆಲಸಮ ಮಾಡಿದರು. 132ರಿಂದ 135ರವರೆಗೆ ನಡೆದ ಬಂಡಾಯದ ನಂತರ ಚಕ್ರವರ್ತಿ ಹೇಡ್ರಿಯನ್ ಯೆಹೂದಿಗಳಿಗೆ ಆ ಊರಿನ ಪ್ರವೇಶವನ್ನೇ ನಿಷೇಧಿಸಿದ. ಅಲ್ಲಿಯವರೆಗೆ ಜೆರುಸಲೇಮಿನ ಬಿಷಪ್ಪರೆಲ್ಲ ಯೆಹೂದಿ ಮೂಲದವರು, ಆಮೇಲಿನವರು ಹೊರಗಿನವರು ಅಂತ ಚರ್ಚಿನ ಇತಿಹಾಸಕಾರ ಯುಸೀಬಿಯಸ್ ಬರೆಯುತ್ತಾನೆ.

ನನಗೆ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿಷಯ. ಸುಮಾರು 180ರಲ್ಲಿ ಲಿಯೋನ್ ನಗರದ ಬಿಷಪ್ ಐರೆನಿಯಸ್ ಪಾಷಂಡಿಗಳ ಪಟ್ಟಿಯೊಂದನ್ನು ಮಾಡುತ್ತಾನೆ. ಅದರಲ್ಲಿ ಎಬಿಯೋನೈಟರು ಅನ್ನೋ ಪಂಗಡವೂ ಇದೆ. ಅವರು ಏಸುವನ್ನು ನಂಬುತ್ತಾರೆ, ಆದರೆ ಸುನ್ನತಿ ಬಿಟ್ಟಿಲ್ಲ, ಮೋಶೆಯ ನಿಯಮ ಬಿಟ್ಟಿಲ್ಲ, ಮತ್ತಾಯನ ಸುವಾರ್ತೆಯೊಂದೇ ಸಾಕು, ಪೌಲ ಬೇಡ. ಏಸು ಯೋಸೇಫನ ಮಗನೇ ಅನ್ನುತ್ತಾರೆ. ಇವರು ಯಾಕೋಬನ ಸಭೆಯ ನೇರ ಸಂತತಿ ಅಂತ ಸಾಬೀತಾಗಿಲ್ಲ, ಅವರ ಎಲ್ಲ ನಂಬಿಕೆಗಳೂ ಯಾಕೋಬನವೇ ಅಂತಲೂ ಹೇಳೋಕಾಗಲ್ಲ. ಆದರೆ ಸುನ್ನತಿ, ಮೋಶೆಯ ನಿಯಮದ ಮಟ್ಟಿಗೆ ನೋಡಿದರೆ, 50ರಲ್ಲಿ ಜೆರುಸಲೇಮಿನ ನಿತ್ಯದ ಆಚರಣೆಯಾಗಿದ್ದದ್ದು 180ರ ಹೊತ್ತಿಗೆ ಪಾಷಂಡಿಗಳ ಗುರುತಾಗಿತ್ತು.

ಅಂದರೆ ಇವತ್ತು ಮೂಲಕ್ಕಾಗಿ ವಾದಿಸೋ ಚರ್ಚುಗಳೆಲ್ಲ, ಹೆಚ್ಚು ಕಡಿಮೆ, ಅಂತಿಯೋಕ್ಯದಲ್ಲಿ ತೆರೆದ ಬಾಗಿಲಿನಿಂದ ಒಳಗೆ ಬಂದಂಥವು. ಆ ಬಾಗಿಲು ತೆರೆಯದಿದ್ದರೆ ಏಸುವಿನ ಹೆಸರು ಬಹುಶಃ ಪ್ಯಾಲೆಸ್ಟೈನ್ ದಾಟುತ್ತಿರಲಿಲ್ಲ. ಹಾಗಾದರೆ ಬದಲಾಗಿ ಉಳಿದದ್ದನ್ನು ಮೂಲ ಅನ್ನಬೇಕೋ, ಬದಲಾಗದೆ ಅಳಿದದ್ದನ್ನೋ? ನಾನಂತೂ ಯಾಕೋಬನ ಕಡೆಗೇ ಸ್ವಲ್ಪ ವಾಲುತ್ತೇನೆ. ನೀವೇನಂತೀರಾ?